ಆಫ್ರಿಕಾದ ಇತಿಹಾಸದ ವಾದಗಳನ್ನು ಓದುವುದು ಹೇಗೆ? ಗ್ರೇಟ್ ಜಿಂಬಾಬ್ವೆಯನ್ನು ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಗ್ರೇಟ್ ಜಿಂಬಾಬ್ವೆ ಅಂದರೆ ಆಫ್ರಿಕಾದ ದಕ್ಷಿಣ ಭಾಗದಲ್ಲಿ ಉಳಿದಿರುವ ಹಳೆಯ ಕಲ್ಲಿನ ಊರಿನ ಅವಶೇಷ. ಯೂಟ್ಯೂಬ್‌ನಲ್ಲಿ ಆ ಹೆಸರು ಹುಡುಕಿದರೆ ಹತ್ತೇ ನಿಮಿಷದಲ್ಲಿ ತಲೆ ಕೆಡುತ್ತದೆ. ಒಬ್ಬ ಅದು ಬೈಬಲಿನ ಕಥೆಯ ಶೀಬಾ ರಾಣಿಯ ಅರಮನೆ ಅನ್ನುತ್ತಾನೆ. ಇನ್ನೊಬ್ಬ ಲೆಬನಾನ್ ಕರಾವಳಿಯ ಪ್ರಾಚೀನ ವ್ಯಾಪಾರಿಗಳಾದ ಫಿನಿಷಿಯನ್ನರು ಕಟ್ಟಿದ್ದು ಅನ್ನುತ್ತಾನೆ. ಮೂರನೆಯವನು ಬೇರೆ ಗ್ರಹದಿಂದಲೇ ಜನ ಕರೆಸುತ್ತಾನೆ. ಅಲ್ಲೇ ನೂರಾರು ವರ್ಷಗಳಿಂದ ಬದುಕಿಕೊಂಡು ಬಂದಿರುವ ಶೋನಾ ಜನರ ಹೆಸರು ಮಾತ್ರ ಕೊನೆಗೆ ಬರುತ್ತದೆ. ಅದೂ ‘ಕೆಲವರ ಪ್ರಕಾರ’ ಅನ್ನುವ ಬಾಲ ಕಟ್ಟಿಕೊಂಡು.

ಈ ವಿಷಯ ಓದಲು ಶುರು ಮಾಡಿದಾಗ ನಾನೂ ಎಲ್ಲರ ಮಾತನ್ನು ಒಂದೇ ತಕ್ಕಡಿಗೆ ಹಾಕಿದೆ. ಎಲ್ಲರಿಗೂ ಸಮ ಜಾಗ ಕೊಟ್ಟರೆ ನ್ಯಾಯ ಅಂದುಕೊಂಡೆ. ಅದು ನ್ಯಾಯ ಅಲ್ಲ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ವಾದಗಳಲ್ಲಿ ಎರಡು ಜಾತಿ ಇವೆ. ಕೆಲವು ಮುಗಿದುಹೋಗಿವೆ, ಆದರೂ ಜನ ಎಳೆದಾಡುತ್ತಾರೆ. ಕೆಲವು ನಿಜವಾಗಿ ನಡೆಯುತ್ತಿವೆ, ಅವು ಹೊರಗಿನವರ ಕಿವಿಗೆ ಬೀಳುವುದೇ ಇಲ್ಲ. ಎರಡನ್ನೂ ಬೇರೆ ಮಾಡಲು ಕಲಿತರೆ ಅರ್ಧ ಕೆಲಸ ಆದಂತೆ. ಕಾಲೇಜಿನ ಸೆಮಿನಾರಿಗೆ ಓದುವವರು, ವಿಕಿಪೀಡಿಯಕ್ಕೆ ಬರೆಯುವವರು, ಸುಮ್ನೆ ಕುತೂಹಲಕ್ಕೆ ಓದುವವರು ಎಲ್ಲರಿಗೂ ಹೊಂದುವ ಹಾಗೆ ನಾನು ಬಳಸುವ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಹೆಜ್ಜೆ 1: ವಾದಕ್ಕೆ ಮೊದಲು ಜಾಗ ನೋಡಿ

ಯಾರು ಏನಂದರು ಅನ್ನುವುದನ್ನು ಆಮೇಲೆ ಓದೋಣ. ಮೊದಲು ನಕ್ಷೆ ಮತ್ತು ಫೋಟೋ ತೆಗೆದುಕೊಂಡು ಕೂತುಕೊಳ್ಳಿ. ಜಾಗ ಕಣ್ಣಿಗೆ ಕಟ್ಟದಿದ್ದರೆ ವಾದ ಬರೀ ಹೆಸರುಗಳ ಸಂತೆಯಾಗುತ್ತದೆ.

ಗ್ರೇಟ್ ಜಿಂಬಾಬ್ವೆ ಇರುವುದು ಇಂದಿನ ಜಿಂಬಾಬ್ವೆ ದೇಶದಲ್ಲಿ, ಮಸ್ವಿಂಗೋ ಪಟ್ಟಣದ ಹತ್ತಿರ. ಹರವು ಸುಮಾರು 720 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ 1,700 ಎಕರೆಗೂ ಜಾಸ್ತಿ. ಮೂರು ಮುಖ್ಯ ಭಾಗಗಳಿವೆ: ಬಂಡೆಗಳ ಗುಡ್ಡದ ಮೇಲಿನ ಕಟ್ಟಡಗಳು, ಕೆಳಗಿನ ದೊಡ್ಡ ಪ್ರಾಕಾರ, ಇವೆರಡರ ನಡುವಿನ ಕಣಿವೆಯ ಅವಶೇಷಗಳು. ದೊಡ್ಡ ಪ್ರಾಕಾರದ ಹೊರಗೋಡೆ ಸುತ್ತಳತೆಯಲ್ಲಿ ಸುಮಾರು 250 ಮೀಟರ್. ಎತ್ತರ ಕೆಲವು ಕಡೆ 11 ಮೀಟರ್ ಮುಟ್ಟುತ್ತದೆ. ಒಂದು ಹಿಡಿ ಗಾರೆ ಇಲ್ಲ. ಗ್ರಾನೈಟ್ ತುಂಡುಗಳನ್ನು ಇಟ್ಟಿಗೆಯ ಹಾಗೆ ವರಸೆ ವರಸೆಯಾಗಿ ಜೋಡಿಸಿದ್ದಾರೆ. ಆ ಸೀಮೆಯ ಬಂಡೆಗಳು ಬಿಸಿಲು, ಚಳಿಗೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಡುತ್ತವೆ. ಹಾಗಾಗಿ ಚಪ್ಪಟೆ ಕಲ್ಲು ಅಲ್ಲೇ ಧಾರಾಳವಾಗಿ ಸಿಗುತ್ತಿತ್ತು.

ಫೋಟೋದಲ್ಲಿ ಕಾಣದ್ದು ಒಂದಿದೆ. ಜನ ಇದ್ದದ್ದು ಕಲ್ಲಿನ ಮನೆಯಲ್ಲಿ ಅಲ್ಲ. ಕಲ್ಲು ಬರೀ ಸುತ್ತಿನ ಗೋಡೆ. ಒಳಗೂ ಹೊರಗೂ ಇದ್ದವು ಹದ ಮಾಡಿದ ಮಣ್ಣಿನ ದುಂಡು ಮನೆಗಳು. ಆ ಮಣ್ಣಿಗೆ ಅಲ್ಲಿ ‘ಧಾಕಾ’ ಅನ್ನುತ್ತಾರೆ. ಮಣ್ಣಿನ ಮನೆ ಕರಗಿಹೋಯಿತು, ಕಲ್ಲು ಉಳಿಯಿತು. ನೋಡುವವರ ಕಣ್ಣೆಲ್ಲ ಉಳಿದದ್ದರ ಮೇಲೇ ನೆಟ್ಟಿತು. ಅರ್ಧ ಗೊಂದಲ ಹುಟ್ಟಿದ್ದೇ ಇಲ್ಲಿಂದ.

ಹೆಸರನ್ನೂ ಬಿಡಿಸಿ ನೋಡಿ. ಶೋನಾ ಭಾಷೆಯಲ್ಲಿ ‘ಇಂಬಾ’ ಅಂದರೆ ಮನೆ, ‘ದ್ಜಿಂಬಾ’ ಅಂದರೆ ಮನೆಗಳು, ‘ಮಬ್ವೆ’ ಅಂದರೆ ಕಲ್ಲುಗಳು. ‘ದ್ಜಿಂಬಾ ದ್ಜಾ ಮಬ್ವೆ’ ಅಂದರೆ ಕಲ್ಲಿನ ಮನೆಗಳು. ‘ಪೂಜ್ಯ ಮನೆಗಳು’ ಅನ್ನುವ ಅರ್ಥದ ಇನ್ನೊಂದು ವಿವರಣೆಯೂ ಇದೆ. ಎರಡೂ ಶೋನಾ ಭಾಷೆಯ ಒಳಗಿನವೇ. ಇದನ್ನು ಗುರುತು ಹಾಕಿಟ್ಟುಕೊಳ್ಳಿ.

ಹೆಜ್ಜೆ 2: ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆಯಿರಿ

ಎಡಕ್ಕೆ ‘ಮುಗಿದದ್ದು’, ಬಲಕ್ಕೆ ‘ನಡೆಯುತ್ತಿರುವುದು’. ಓದುತ್ತಾ ಹೋದ ಹಾಗೆ ಪ್ರತಿ ಪ್ರಶ್ನೆಯನ್ನೂ ಒಂದು ಕಡೆಗೆ ಹಾಕಿ. ಗ್ರೇಟ್ ಜಿಂಬಾಬ್ವೆಯ ಪಟ್ಟಿ ನನ್ನ ಪುಸ್ತಕದಲ್ಲಿ ಹೀಗಿದೆ.

ಮುಗಿದದ್ದು: ಕಟ್ಟಿದವರು ಯಾರು? ಇಂದಿನ ಶೋನಾ ಜನರ ಪೂರ್ವಿಕರು. ಯಾವಾಗ? ಸುಮಾರು 11ನೇ ಶತಮಾನದಿಂದ 15ನೇ ಶತಮಾನದೊಳಗೆ.

ನಡೆಯುತ್ತಿರುವುದು: ಯಾವ ಕಟ್ಟಡ ಯಾವುದಕ್ಕೆ ಬಳಕೆಯಾಗುತ್ತಿತ್ತು? ಒಂದು ಕಾಲಕ್ಕೆ ಎಷ್ಟು ಜನ ಇದ್ದರು? ಇಂಥ ರಾಜ್ಯ ಮೊದಲು ಹುಟ್ಟಿದ್ದು ಎಲ್ಲಿ? ಊರು ಬರಿದಾದದ್ದು ಏಕೆ?

ಒಂದು ಪ್ರಶ್ನೆ ಯಾವ ಕಾಲಂಗೆ ಸೇರಬೇಕು ಅಂತ ತಿಳಿಯಲು ಸುಲಭದ ಪರೀಕ್ಷೆ ಇದೆ. ಆ ಜಾಗದಲ್ಲಿ ಮಣ್ಣು ಅಗೆದವರು ಈಗಲೂ ಅದರ ಬಗ್ಗೆ ಜಗಳ ಆಡುತ್ತಿದ್ದಾರಾ? ಆಡುತ್ತಿದ್ದರೆ ಬಲಕ್ಕೆ. ಅಗೆದವರೆಲ್ಲ ಸುಮ್ಮನಾಗಿ, ಅಗೆಯದವರು ಮಾತ್ರ ಕೂಗುತ್ತಿದ್ದರೆ ಎಡಕ್ಕೆ.

ಹೆಜ್ಜೆ 3: ಮುಗಿದ ವಾದ ಹೇಗೆ ಮುಗಿಯಿತು ಅಂತ ನೋಡಿ

ಇದನ್ನು ಬಿಟ್ಟುಬಿಡಬೇಡಿ. ‘ಮುಗಿದಿದೆ’ ಅಂತ ಯಾರೋ ಹೇಳಿದ್ದನ್ನು ನಂಬುವುದಕ್ಕೂ, ಹೇಗೆ ಮುಗಿಯಿತು ಅಂತ ತಿಳಿಯುವುದಕ್ಕೂ ಅಜಗಜಾಂತರ.

1871ರ ಸೆಪ್ಟೆಂಬರಿನಲ್ಲಿ ಕಾರ್ಲ್ ಮೌಖ್ ಅನ್ನುವ ಜರ್ಮನ್ ಅಲೆಮಾರಿ ಇಲ್ಲಿಗೆ ಬಂದ. ಬಾಗಿಲ ಮೇಲಡ್ಡವಾಗಿದ್ದ ಮರದಿಂದ ಒಂದು ಚೂರು ಸೀಳಿಕೊಂಡ. ತನ್ನ ಪೆನ್ಸಿಲ್ ಪಕ್ಕ ಇಟ್ಟು ನೋಡಿದ. ಬಣ್ಣ ಒಂದೇ, ವಾಸನೆ ಒಂದೇ ಅನ್ನಿಸಿತು. ಪೆನ್ಸಿಲ್ ಸೀಡರ್ ಮರದ್ದು, ಹಾಗಾದರೆ ಇದೂ ಸೀಡರ್. ಸೀಡರ್ ಬೆಳೆಯುವುದು ಲೆಬನಾನಿನಲ್ಲಿ. ಲೆಬನಾನಿನಿಂದ ಮರ ತರಿಸಿದ್ದು ಸೊಲೊಮನ್ ರಾಜ. ಅವನನ್ನು ನೋಡಲು ಹೋದವಳು ಶೀಬಾ ರಾಣಿ. ಆದ್ದರಿಂದ ಇದು ಶೀಬಾ ರಾಣಿಯ ಅರಮನೆ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ಆ ಮರ ಆ ಸೀಮೆಯದ್ದೇ. ತಂಬೂಟಿ ಅಂತ ಹೆಸರು, ಒಳ್ಳೆ ವಾಸನೆಯ ಗಟ್ಟಿ ಮರ. ಈ ಸರಪಳಿಯನ್ನು ನಾನು ಇಷ್ಟುದ್ದ ಬರೆದದ್ದಕ್ಕೆ ಕಾರಣ ಇದೆ. ಇಂದಿನ ವಿಡಿಯೋಗಳ ವಾದವೂ ಇದೇ ಅಚ್ಚಿನಲ್ಲಿ ಬರುತ್ತದೆ. ಒಂದೊಂದು ಕೊಂಡಿಯೂ ‘ಇದು ಅದರ ಹಾಗಿದೆ’ ಅನ್ನುವುದರ ಮೇಲೆ ನಿಂತಿರುತ್ತದೆ. ಮೊದಲ ಕೊಂಡಿ ಕಳಚಿ ನೋಡಿ, ಉಳಿದದ್ದು ತಾನೇ ಬೀಳುತ್ತದೆ.

1890ರಲ್ಲಿ ಬ್ರಿಟಿಷ್ ವಸಾಹತುಗಾರ ಸೆಸಿಲ್ ರೋಡ್ಸ್‌ನ ಕಂಪನಿ ಆ ನಾಡನ್ನು ಹಿಡಿಯಿತು. ಮರುವರ್ಷವೇ ಅದರ ಬೆಂಬಲದಿಂದ ಥಿಯೋಡರ್ ಬೆಂಟ್ ಅಗೆಯಲು ಬಂದ. ಸಿಕ್ಕಿದ್ದರಲ್ಲಿ ಬಹುಪಾಲು ಸ್ಥಳೀಯರ ಮಡಕೆ, ಕಬ್ಬಿಣದ ಸಾಮಾನು. ಅವನು ಬರೆದದ್ದು ಮಾತ್ರ ಅರಬರು, ಫಿನಿಷಿಯನ್ನರ ಕಡೆ ಬೆರಳು ತೋರಿಸಿ. ನಂತರ ಬಂದ ರಿಚರ್ಡ್ ಹಾಲ್ ಮಾಡಿದ್ದು ಇನ್ನೂ ಅನಾಹುತ. 1902ರಿಂದ 1904ರ ತನಕ ಜಾಗದ ಉಸ್ತುವಾರಿ ಅವನದ್ದು. ಮೇಲಿನ ಪದರ ಸ್ಥಳೀಯರು ಬಿಟ್ಟುಹೋದ ಕೊಳೆ, ಅದನ್ನು ತೆಗೆದರೆ ಕೆಳಗೆ ‘ನಿಜವಾದ’ ಪ್ರಾಚೀನರು ಸಿಗುತ್ತಾರೆ ಅನ್ನುವುದು ಅವನ ನಂಬಿಕೆ. ಆಳುದ್ದ ಮಣ್ಣು ತೆಗೆದು ಹೊರಗೆ ಸುರಿಸಿದ. ಆ ‘ಕೊಳೆ’ಯೇ ಇತಿಹಾಸವಾಗಿತ್ತು.

1905ರಲ್ಲಿ ಪುರಾತತ್ವಜ್ಞ ಡೇವಿಡ್ ರಾಂಡಲ್-ಮ್ಯಾಕೈವರ್ ಬಂದರು. ಈಜಿಪ್ಟಿನಲ್ಲಿ ಪಳಗಿದ ಕೈ. ಇದು ಆಫ್ರಿಕನ್ನರದ್ದೇ, ಮಧ್ಯಯುಗದ್ದು ಅಂತ ನೇರವಾಗಿ ಬರೆದರು. ಅಲ್ಲಿನ ಬಿಳಿಯರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಗದ್ದಲ ನಿಲ್ಲದೆ, 1929ರಲ್ಲಿ ಪುರಾತತ್ವಜ್ಞೆ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಅವರನ್ನು ಕಳಿಸಿದರು. ಅವರ ತಂಡದಲ್ಲಿ ಇದ್ದವರು ಮೂವರೂ ಹೆಂಗಸರು. ಅವರಲ್ಲಿ ಒಬ್ಬರು, ಮುಂದೆ ಪ್ಯಾಲೆಸ್ತೀನಿನ ಪ್ರಾಚೀನ ಊರು ಜೆರಿಕೊ ಅಗೆದು ಹೆಸರಾದ ಕ್ಯಾಥ್ಲೀನ್ ಕೆನ್ಯನ್.

ಹೆಜ್ಜೆ 4: ಪದರ ಕೇಳಿ

ಕೇಟನ್-ಥಾಂಪ್ಸನ್ ಕೇಳಿದ ಪ್ರಶ್ನೆ ಸರಳ. ಯಾರೂ ಕೈಹಾಕದ ಮಣ್ಣು ಎಲ್ಲಿ ಉಳಿದಿದೆ? ದೊಡ್ಡ ಪ್ರಾಕಾರದೊಳಗಿನ ಶಂಕುವಿನಾಕಾರದ ಗೋಪುರದ ಬುಡ ತೋಡಿ ನೋಡಿದರು. ಏನೂ ಸಿಗಲಿಲ್ಲ. ಆಮೇಲೆ ಕಣಿವೆಯಲ್ಲಿ ಮೌಂಡ್ ಅವಶೇಷ ಅಂತ ಕರೆಯುವ, ಹಾಲ್‌ನ ಸಲಿಕೆ ಅಷ್ಟಾಗಿ ಬೀಳದ ಜಾಗ ಆರಿಸಿಕೊಂಡರು.

ಬಾವಿ ತೋಡುವುದನ್ನು ನೋಡಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇಲೆ ಗೊಬ್ಬರದ ಮಣ್ಣು, ಕೆಳಗೆ ಕೆಂಪು, ಅದರ ಕೆಳಗೆ ಸುದ್ದೆ. ಕೆಳಗಿನದ್ದು ಹಳೆಯದು, ಮೇಲಿನದ್ದು ಹೊಸದು. ಗೋಡೆಯ ಪಾಯದ ಕೆಳಗೆ ಒಂದು ವಸ್ತು ಸಿಕ್ಕಿದರೆ ಗೋಡೆ ಅದಕ್ಕಿಂತ ಆಮೇಲಿನದ್ದು. ಬೇರೆ ದಾರಿಯೇ ಇಲ್ಲ. ಅವರಿಗೆ ಪಾಯದಿಂದ ಮೇಲಿನ ನೆಲದವರೆಗೆ ಸಿಕ್ಕಿದ್ದು ಆಫ್ರಿಕನ್ನರ ಬದುಕಿನ ಸಾಮಾನು. ನಡುವೆ ಹೊರನಾಡಿನಿಂದ ವ್ಯಾಪಾರಕ್ಕೆ ಬಂದ ಮಣಿಗಳು. ‘ಪ್ರಾಚೀನ ಪರದೇಶಿ’ಗಳ ಪದರ ಎಲ್ಲೂ ಇರಲಿಲ್ಲ.

ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ಇಷ್ಟು ಸರಿಯಾದ ತೀರ್ಮಾನ ಕೊಟ್ಟ ಕೇಟನ್-ಥಾಂಪ್ಸನ್ ಅವರೇ ಆ ಕಟ್ಟಡ ಶೈಲಿಯನ್ನು ಮಕ್ಕಳ ಬುದ್ಧಿಯದು ಅನ್ನುವ ಅರ್ಥದಲ್ಲಿ ಬರೆದರು. ಸಾಕ್ಷ್ಯ ಓದುವ ಕಣ್ಣು ಚುರುಕಾಗಿತ್ತು, ಜನರನ್ನು ನೋಡುವ ಕಣ್ಣಿಗೆ ಕಾಮಾಲೆ ಇತ್ತು. ಆದ್ದರಿಂದ ಒಬ್ಬ ವಿದ್ವಾಂಸರನ್ನು ಪೂರ್ತಿ ಒಪ್ಪಬೇಕು ಇಲ್ಲಾ ಪೂರ್ತಿ ಬಿಡಬೇಕು ಅನ್ನುವ ಹಟ ಬೇಡ. ವಾಕ್ಯ ವಾಕ್ಯ ಬೇರೆ ಮಾಡಿ ಓದಿ.

ಹೆಜ್ಜೆ 5: ಕಾಲದ ಅಂಕಿ ಸಿಕ್ಕಿತು ಅಂತ ಕುಣಿಯಬೇಡಿ

1950ರ ದಶಕದ ಹೊತ್ತಿಗೆ, ಮರ, ಇದ್ದಿಲುಗಳಲ್ಲಿ ಉಳಿದ ಕಾರ್ಬನ್ ಅಳೆದು ಕಾಲ ಹೇಳುವ ರೇಡಿಯೊಕಾರ್ಬನ್ ವಿಧಾನ ಬಂತು. ದೊಡ್ಡ ಪ್ರಾಕಾರದ ಗೋಡೆಯಲ್ಲಿ, ನೀರು ಹೋಗುವ ತೂಬಿಗೆ ಅಡ್ಡವಾಗಿ ಇಟ್ಟಿದ್ದ ಮರದ ತುಂಡುಗಳನ್ನು ಪರೀಕ್ಷೆ ಮಾಡಿದರು. 6ರಿಂದ 8ನೇ ಶತಮಾನ ಅಂತ ಬಂತು. ನೋಡಿ, ಕಟ್ಟಡ ಇಷ್ಟು ಹಳೆಯದು, ಹಾಗಾದರೆ ಕಟ್ಟಿದವರು ಬೇರೆ ಅಂತ ಹಳೆಯ ವಾದಕ್ಕೆ ಮತ್ತೆ ಜೀವ ಬಂತು.

ತಪ್ಪಾಗಿದ್ದು ಎಲ್ಲಿ? ಕಾರ್ಬನ್ ಹೇಳುವುದು ಮರದ ಆ ಭಾಗ ಬೆಳೆದ ಕಾಲವನ್ನು. ಗೋಡೆ ಎದ್ದ ಕಾಲವನ್ನಲ್ಲ. ತಂಬೂಟಿ ನೂರಾರು ವರ್ಷ ಬದುಕುವ ಮರ. ತಿರುಳು ತೊಗಟೆಗಿಂತ ತುಂಬಾ ಹಳೆಯದಾಗಿರುತ್ತದೆ. ಅದೂ ಅಲ್ಲದೆ ಗಟ್ಟಿ ಮರವನ್ನು ಹಳೆ ಮನೆಯಿಂದ ಕಿತ್ತು ಹೊಸ ಮನೆಗೆ ಹಾಕುತ್ತಾರೆ. ನಮ್ಮಲ್ಲಿ ಅಜ್ಜನ ಮನೆಯ ತೊಲೆ ಮೊಮ್ಮಗನ ಮನೆಯಲ್ಲಿ ಇರುವುದಿಲ್ಲವಾ? ಆ ತೊಲೆಯನ್ನು ಪರೀಕ್ಷೆಗೆ ಕೊಟ್ಟರೆ ಮೊಮ್ಮಗನ ಮನೆಗೆ ಇನ್ನೂರು ವರ್ಷ ಅಂತ ಬರುತ್ತದೆ. ನಂತರ ಬೇರೆ ಬೇರೆ ಜಾಗದಿಂದ ತೆಗೆದ ಮಾದರಿಗಳು, ಚೀನಾದ ಪಿಂಗಾಣಿ ಚೂರುಗಳು, ಮಡಕೆಗಳ ಅನುಕ್ರಮ ಎಲ್ಲ ಸೇರಿ ಕಾಲವನ್ನು ಮಧ್ಯಯುಗಕ್ಕೆ ತಂದು ನಿಲ್ಲಿಸಿದವು.

ಹಾಗಾಗಿ ಒಂದು ಕಾಲದ ಅಂಕಿ ಕಂಡರೆ ಮೂರು ಪ್ರಶ್ನೆ ಕೇಳಿ. ಪರೀಕ್ಷೆ ಮಾಡಿದ್ದು ಏನನ್ನು: ಮರವೋ, ಇದ್ದಿಲೋ, ಕಾಳೋ? ಅದು ಸಿಕ್ಕಿದ್ದು ಯಾವ ಪದರದಲ್ಲಿ? ಇಂಥ ಅಂಕಿಗಳು ಎಷ್ಟಿವೆ, ಒಂದೇನಾ? ಕಾಳಿನ ಕಾಲ ಮರದ ಕಾಲಕ್ಕಿಂತ ನಂಬಿಕಸ್ತ. ಕಾಳು ಒಂದೇ ವರ್ಷದ ಬೆಳೆ.

ಹೆಜ್ಜೆ 6: ಹೊರಗಿನ ಸಾಮಾನು ಕಂಡರೆ ಹೊರಗಿನ ಯಜಮಾನ ಅಂದುಕೊಳ್ಳಬೇಡಿ

ಗ್ರೇಟ್ ಜಿಂಬಾಬ್ವೆಯಲ್ಲಿ ಚೀನಾದ ಪಾತ್ರೆ ಚೂರು, ಪರ್ಷಿಯಾದ ಮೆರುಗಿನ ಮಡಕೆ, ಭಾರತದ ಗಾಜಿನ ಮಣಿ ಸಿಕ್ಕಿವೆ. ಇಂದಿನ ತಾಂಜಾನಿಯಾದ ಕರಾವಳಿಯ ಕಿಲ್ವಾದ ಸುಲ್ತಾನ, 14ನೇ ಶತಮಾನದ ಅಲ್-ಹಸನ್ ಇಬ್ನ್ ಸುಲೇಮಾನ್‌ನ ಹೆಸರಿನ ಒಂದು ನಾಣ್ಯವೂ ಸಿಕ್ಕಿದೆ. ಒಳನಾಡಿನ ಚಿನ್ನ, ಆನೆದಂತ ಸೋಫಾಲಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಕಿಲ್ವಾ, ಆಮೇಲೆ ಹಿಂದೂ ಮಹಾಸಾಗರ. ಬದಲಿಗೆ ಬಟ್ಟೆ, ಮಣಿ, ಪಿಂಗಾಣಿ ಬರುತ್ತಿದ್ದವು.

ಇದರಿಂದ ತಿಳಿಯುವುದು ವ್ಯಾಪಾರ, ಮಾಲೀಕತ್ವ ಅಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ನಾಣ್ಯ ಸಿಕ್ಕಿದೆ. ಅದಕ್ಕೇ ಚಂದ್ರವಳ್ಳಿ ಕಟ್ಟಿದ್ದು ರೋಮನ್ನರು ಅನ್ನುತ್ತೇವಾ? ಇಲ್ಲ. ಹಾಗಿದ್ದರೆ ಜಿಂಬಾಬ್ವೆಗೆ ಬೇರೆ ನ್ಯಾಯ ಏಕೆ?

ಈ ಹಳ್ಳಕ್ಕೆ ನಾವೂ ಬೀಳಬಹುದು. 1981ರಲ್ಲಿ ಸಿರಿಲ್ ಹ್ರೋಮ್ನಿಕ್ ಅನ್ನುವವರು ದಕ್ಷಿಣ ಆಫ್ರಿಕಾ ಭಾಗದ ಚಿನ್ನದ ಗಣಿಗಾರಿಕೆಯ ಹಿಂದೆ ಭಾರತೀಯರು, ದ್ರಾವಿಡರು ಇದ್ದರು ಅಂತ ಬರೆದರು. ಕೇಳಿದಾಗ ನಮ್ಮ ಎದೆ ಒಂದಿಂಚು ಉಬ್ಬುತ್ತದೆ, ಅಲ್ವಾ? ಅಲ್ಲಿನ ಪುರಾತತ್ವಜ್ಞರು ಇದನ್ನು ಒಪ್ಪಲಿಲ್ಲ. ಫಿನಿಷಿಯನ್ನರ ಜಾಗದಲ್ಲಿ ನಮ್ಮನ್ನು ಕೂರಿಸಿದರೆ ಕಥೆ ಬದಲಾಗುವುದಿಲ್ಲ. ಯಾರೋ ಹೊರಗಿನವರು ಮಾಡಿದರು, ಸ್ಥಳೀಯರು ನೋಡುತ್ತಾ ನಿಂತಿದ್ದರು ಅನ್ನುವ ಚೌಕಟ್ಟು ಹಾಗೇ ಉಳಿಯುತ್ತದೆ. ನನ್ನ ಪ್ರಕಾರ ನಮಗೆ ಖುಷಿ ಕೊಡುವ ವಾದವನ್ನೇ ಎರಡು ಸಲ ಜಾಸ್ತಿ ಜರಡಿ ಹಿಡಿಯಬೇಕು.

ಹೆಜ್ಜೆ 7: ಈ ವಾದದಿಂದ ಯಾರಿಗೆ ಏನು ಲಾಭ?

ಇದನ್ನು ಸಾಕ್ಷ್ಯ ನೋಡಿದ ಮೇಲೆ ಕೇಳಿ, ಮೊದಲೇ ಅಲ್ಲ. ಮೊದಲೇ ಕೇಳಿದರೆ ಓದುವುದನ್ನು ಬಿಟ್ಟು ಬೈಯಲು ಶುರು ಮಾಡುತ್ತೇವೆ.

ರೋಡ್ಸ್‌ಗೆ ಬೇಕಾಗಿದ್ದದ್ದು ಒಂದು ನೆಪ. ಹಿಂದೆಯೂ ಇಲ್ಲಿ ಪರದೇಶಿಗಳು ಆಳಿದ್ದರು, ನಾವು ಅವರ ವಾರಸುದಾರರು ಅನ್ನುವ ನೆಪ. 1965ರಲ್ಲಿ ಇಯಾನ್ ಸ್ಮಿತ್‌ನ ಬಿಳಿಯರ ಸರ್ಕಾರ ಬ್ರಿಟನ್ನಿನಿಂದ ತಾನೇ ಬೇರೆಯಾಯಿತು. ಆಗ ಈ ಕಲ್ಲುಗಳಿಗೆ ಇನ್ನೂ ರಾಜಕೀಯ ಅಂಟಿತು. ಸ್ಮಾರಕಗಳ ಹಿರಿಯ ಇನ್‌ಸ್ಪೆಕ್ಟರ್ ಆಗಿದ್ದ ಪೀಟರ್ ಗಾರ್ಲೇಕ್, ಕಟ್ಟಿದವರು ಆಫ್ರಿಕನ್ನರು ಅನ್ನುವ ಮಾತಿನಿಂದ ಹಿಂದೆ ಸರಿಯದೆ 1970ರಲ್ಲಿ ದೇಶವನ್ನೇ ಬಿಡಬೇಕಾಯಿತು. 1980ರಲ್ಲಿ ಸ್ವಾತಂತ್ರ್ಯ ಬಂದಾಗ ದೇಶ ಆ ಅವಶೇಷದ ಹೆಸರನ್ನೇ ಇಟ್ಟುಕೊಂಡಿತು. ಅಲ್ಲಿ ಸಿಕ್ಕ ಬಳಪದ ಕಲ್ಲಿನ ಹಕ್ಕಿ ಬಾವುಟಕ್ಕೆ ಏರಿತು. ಬೇಲೂರಿನ ಶಿಲ್ಪಿಗಳು ಕೆತ್ತಿದ್ದೂ ಬಳಪದ ಕಲ್ಲನ್ನೇ. ಉಳಿ ಸಲೀಸಾಗಿ ಓಡುವ ಕಲ್ಲು ಯಾವ ದೇಶದ ಶಿಲ್ಪಿಗೂ ಇಷ್ಟ.

ಸ್ವಾತಂತ್ರ್ಯ ಬಂದ ಮೇಲೆ ಇತಿಹಾಸ ಪೂರ್ತಿ ಶುದ್ಧವಾಯಿತು ಅಂತಲ್ಲ. ದೊಡ್ಡ ರಾಜರ, ದೊಡ್ಡ ಸಾಮ್ರಾಜ್ಯದ ಕಥೆ ಹೊಸ ಸರ್ಕಾರಕ್ಕೂ ಬೇಕಿತ್ತು. ಸುತ್ತಲಿನ ನೆಮಾನ್ವಾ, ಚರುಂಬಿರಾ ಮನೆತನಗಳಿಗೆ ಅದು ಪೂರ್ವಿಕರ ಪವಿತ್ರ ಜಾಗ. ಯಾರಿಗೆ ಹಕ್ಕು ಅನ್ನುವ ಜಗಳ ಅವರೊಳಗೂ ಇದೆ. ಬೇಲಿ ಹಾಕಿ ಟಿಕೆಟ್ ಮಾಡಿದ ಮೇಲೆ ಅವರು ತಮ್ಮದೇ ಜಾಗಕ್ಕೆ ಹೊರಗಿನವರಾದರು.

ಇಂಥ ವಾದಗಳು ಕಾಗದದ ಮೇಲೆ ಮಾತ್ರ ಇರುವುದಿಲ್ಲ. ಆಫ್ರಿಕಾದಲ್ಲಿ ಏನೇ ಒಳ್ಳೆಯದಿದ್ದರೂ ಅದನ್ನು ಉತ್ತರದಿಂದ ಬಂದ ‘ಹ್ಯಾಮಿಟಿಕ್’ ಜನ ತಂದರು ಅನ್ನುವ ಸಿದ್ಧಾಂತ ಒಂದಿತ್ತು. 1930ರಲ್ಲಿ ಮಾನವಶಾಸ್ತ್ರಜ್ಞ ಚಾರ್ಲ್ಸ್ ಸೆಲಿಗ್ಮನ್ ಅದಕ್ಕೆ ವಿದ್ವತ್ತಿನ ಬಟ್ಟೆ ತೊಡಿಸಿದರು. ರುವಾಂಡಾವನ್ನು ಆಳುತ್ತಿದ್ದ ಬೆಲ್ಜಿಯನ್ನರು ಅಲ್ಲಿನ ತುತ್ಸಿ ಜನರನ್ನು ಇದೇ ಕನ್ನಡಕದಿಂದ ನೋಡಿದರು. 1930ರ ದಶಕದಲ್ಲಿ ಗುರುತಿನ ಚೀಟಿಯಲ್ಲಿ ಹುಟು, ತುತ್ಸಿ, ತ್ವಾ ಅಂತ ಬರೆಸಿದರು. 1994ರ ನರಮೇಧದಲ್ಲಿ ರಸ್ತೆ ತಡೆಗಳಲ್ಲಿ ಜನ ಕೇಳಿದ್ದು ಅಂಥದ್ದೇ ಗುರುತಿನ ಚೀಟಿಯನ್ನು.

ಹೆಜ್ಜೆ 8: ಅಂಕಿಯ ಬಾಲ ಹಿಡಿದು ಹಿಂದಕ್ಕೆ ಹೋಗಿ

ಗ್ರೇಟ್ ಜಿಂಬಾಬ್ವೆಯಲ್ಲಿ 18,000 ಜನ ಇದ್ದರು ಅಂತ ಬಹಳ ಕಡೆ ಓದುತ್ತೀರಿ. ನಾನೂ ಒಂದು ಟಿಪ್ಪಣಿಯಲ್ಲಿ ಹಾಗೇ ಬರೆದಿದ್ದೆ. ಆಮೇಲೆ ಅಳಿಸಿದೆ.

2017ರಲ್ಲಿ ಪುರಾತತ್ವಜ್ಞ ಶಾಡ್ರೆಕ್ ಚಿರಿಕುರೆ ಮತ್ತು ಸಂಗಡಿಗರು ಈ ಲೆಕ್ಕ ಬಿಚ್ಚಿ ನೋಡಿದರು. ಯಾವ ಕಾಲಕ್ಕೂ 10,000 ದಾಟಿರಲಾರದು ಅಂದರು. ವ್ಯತ್ಯಾಸ ಎಲ್ಲಿಂದ? ಸಣ್ಣ ಲೆಕ್ಕ ಮಾಡೋಣ. ಇದು ನಾನು ಸುಮ್ನೆ ಹಾಕಿಕೊಂಡ ಉದಾಹರಣೆ. ಒಂದು ಊರಲ್ಲಿ 100 ಮಣ್ಣಿನ ಮನೆಗಳ ಪಾಯ ಸಿಕ್ಕಿವೆ ಅನ್ನಿ. ಮನೆಗೆ 5 ಜನ ಅಂದರೆ 500 ಜನ. ಆದರೆ ಊರು ಬಾಳಿದ್ದು 300 ವರ್ಷ. ಮಣ್ಣಿನ ಮನೆ 30 ವರ್ಷಕ್ಕೆ ಬಿದ್ದು ಪಕ್ಕದಲ್ಲಿ ಹೊಸದು ಏಳುತ್ತದೆ. ಹಾಗಾದರೆ ಒಂದು ಹೊತ್ತಿಗೆ ನಿಂತಿದ್ದದ್ದು 10 ಮನೆ, ಇದ್ದವರು 50 ಜನ. ಒಂದೇ ಪಾಯಗಳು, ಹತ್ತು ಪಟ್ಟು ವ್ಯತ್ಯಾಸ! 720 ಹೆಕ್ಟೇರೂ ಒಂದೇ ದಿನ ತುಂಬಿತ್ತು ಅಂದುಕೊಂಡರೆ ಆಗುವುದು ಇದೇ.

ಅಂಕಿ ಕೈಯಿಂದ ಕೈಗೆ ಹೋಗುವ ಪರಿಗೆ ಇನ್ನೊಂದು ಒಳ್ಳೆಯ ಉದಾಹರಣೆ, ಆಫ್ರಿಕಾದಿಂದ ಅಮೆರಿಕ ಖಂಡಗಳಿಗೆ ಜನರನ್ನು ಸಾಗಿಸಿದ ಅಟ್ಲಾಂಟಿಕ್ ಗುಲಾಮ ವ್ಯಾಪಾರದ್ದು. ಒಂದೂವರೆ ಕೋಟಿ ಜನ ಅನ್ನುವ ಅಂಕಿ ಎಷ್ಟೋ ಪುಸ್ತಕಗಳಲ್ಲಿ ಓಡಾಡುತ್ತಿತ್ತು. ಇತಿಹಾಸಕಾರ ಫಿಲಿಪ್ ಕರ್ಟಿನ್ 1969ರಲ್ಲಿ ಅದರ ಬೆನ್ನು ಹತ್ತಿದರು. ಒಬ್ಬರು ಇನ್ನೊಬ್ಬರನ್ನು, ಅವರು ಮತ್ತೊಬ್ಬರನ್ನು ತೋರಿಸುತ್ತಾ ಹೋಗಿ, ಕೊನೆಗೆ ಸಿಕ್ಕಿದ್ದು 1861ರಲ್ಲಿ ಒಬ್ಬ ಅಮೆರಿಕನ್ ಪ್ರಚಾರಕ ಹಾಕಿದ ಅಂದಾಜು! ಕರ್ಟಿನ್ ತಾವೇ ಲೆಕ್ಕ ಹಾಕಿ, ಇಳಿದವರು ಸುಮಾರು 95 ಲಕ್ಷ ಅಂದರು. ಇನ್ನೊಬ್ಬ ಇತಿಹಾಸಕಾರ ಜೋಸೆಫ್ ಇನಿಕೊರಿ ಅದು ತೀರಾ ಕಡಿಮೆ ಅಂದರು. ಜಗಳದಿಂದ ಒಳ್ಳೆಯದೇ ಆಯಿತು. ಹಡಗು ಹಡಗಿನ ದಾಖಲೆ ಕೂಡಿಸಿದರು. ಈಗ 36,000ಕ್ಕೂ ಜಾಸ್ತಿ ಯಾನಗಳ ಕೋಶ ಇದೆ, ಯಾರು ಬೇಕಾದರೂ ಪುಕ್ಕಟೆ ತೆರೆದು ನೋಡಬಹುದು. ಅದರ ಅಂದಾಜಿನಲ್ಲಿ ಹಡಗು ಹತ್ತಿಸಲ್ಪಟ್ಟವರು ಸುಮಾರು 1 ಕೋಟಿ 25 ಲಕ್ಷ. ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ‘ಹತ್ತಿದವರು’ ಮತ್ತು ‘ಇಳಿದವರು’ ಎರಡು ಬೇರೆ ಅಂಕಿ. ಇವುಗಳ ನಡುವಿನ 18 ಲಕ್ಷ ಜನ ಸಮುದ್ರದ ಮೇಲೆ ಸತ್ತವರು. ಎಷ್ಟೋ ಲೇಖನಗಳು ಎರಡನ್ನೂ ಕಲಸಿಬಿಡುತ್ತವೆ. ಓದುವಾಗ ಇದೊಂದು ನೋಡಿ.

ಹೆಜ್ಜೆ 9: ಈಗ ಬಲಗಡೆಯ ಕಾಲಂಗೆ ಬನ್ನಿ

ನಿಜವಾದ ರುಚಿ ಇರುವುದು ಇಲ್ಲಿ. ಇಲ್ಲಿ ಎರಡೂ ಕಡೆಯವರು ಮಣ್ಣು ಮುಟ್ಟಿದವರೇ.

ಪುರಾತತ್ವಜ್ಞ ಥಾಮಸ್ ಹಫ್‌ಮನ್ ವಾದ ಹೀಗೆ: ಈ ಊರಿನ ನಕ್ಷೆಯೇ ಒಂದು ಸಂಕೇತ ಭಾಷೆ. ಗುಡ್ಡದ ಮೇಲೆ ರಾಜ, ಕಣಿವೆಯಲ್ಲಿ ರಾಣಿಯರು, ದೊಡ್ಡ ಪ್ರಾಕಾರ ಹೆಣ್ಣುಮಕ್ಕಳಿಗೆ ಮದುವೆಗೆ ಮೊದಲು ದೀಕ್ಷೆ ಕೊಡುವ ಜಾಗ. ಇದಕ್ಕೆ ಅವರು ಆಧಾರ ಮಾಡಿಕೊಂಡದ್ದು ದಕ್ಷಿಣ ಆಫ್ರಿಕಾದ ಉತ್ತರ ಭಾಗದ ವೆಂಡಾ ಜನರ ಇತ್ತೀಚಿನ ಪದ್ಧತಿಗಳು ಮತ್ತು ಪೋರ್ಚುಗೀಸ್ ದಾಖಲೆಗಳನ್ನು. 1998ರಲ್ಲಿ ಇತಿಹಾಸಕಾರ ಡೇವಿಡ್ ಬೀಚ್ ಇದನ್ನು ತರಾಟೆಗೆ ತೆಗೆದುಕೊಂಡರು. 20ನೇ ಶತಮಾನದ ವೆಂಡಾ ಪದ್ಧತಿಯನ್ನು 14ನೇ ಶತಮಾನದ ಶೋನಾ ಊರಿನ ಮೇಲೆ ಹೊದಿಸಿದರೆ ಅದು ಇತಿಹಾಸ ಹೇಗಾಗುತ್ತದೆ ಅನ್ನುವುದು ಅವರ ತಕರಾರು.

2008ರಲ್ಲಿ ಚಿರಿಕುರೆ ಮತ್ತು ಇನ್ನೊಸೆಂಟ್ ಪಿಕಿರಾಯಿ ಬೇರೆಯದೇ ಮಾತು ತಂದರು. ಎಲ್ಲ ಭಾಗಗಳೂ ಒಂದೇ ಕಾಲದಲ್ಲಿ ಬಳಕೆಯಲ್ಲಿದ್ದವು ಅಂತ ಏಕೆ ಅಂದುಕೊಳ್ಳಬೇಕು? ಶೋನಾ ಪದ್ಧತಿಯಲ್ಲಿ ಹೊಸ ದೊರೆ ತನ್ನ ಮನೆಯಿಂದಲೇ ಆಳುತ್ತಾನೆ, ಹಳೆಯವನ ಮನೆಗೆ ಹೋಗಿ ಕೂರುವುದಿಲ್ಲ. ಹಾಗಾದರೆ ಗುಡ್ಡ, ಪ್ರಾಕಾರ, ಕಣಿವೆ ಒಂದಾದ ಮೇಲೆ ಒಂದು ಬಂದ ರಾಜಧಾನಿಗಳು ಇರಬಹುದಲ್ಲ? ಹಫ್‌ಮನ್ ಉತ್ತರ ಕೊಟ್ಟರು, ಮತ್ತೆ ಮರು ಉತ್ತರ ಬಂತು.

ನನಗೆ ಎರಡನೆಯದೇ ಹೆಚ್ಚು ಹಿಡಿಸುತ್ತದೆ. ಕಾರಣ, ಅದನ್ನು ಮಣ್ಣಿನಲ್ಲೇ ಪರೀಕ್ಷೆ ಮಾಡಬಹುದು. ಬೇರೆ ಬೇರೆ ಭಾಗಗಳ ಕಾಲ ಬೇರೆ ಅಂತ ತೋರಿದರೆ ಗೆದ್ದಿತು, ಒಂದೇ ಅಂತ ಬಂದರೆ ಸೋತಿತು. ದೀಕ್ಷೆಯ ವಾದವನ್ನು ಸೋಲಿಸುವ ಸಾಕ್ಷ್ಯ ಯಾವುದು ಅಂತ ಹೇಳುವುದೇ ಕಷ್ಟ. ಆದರೂ ಈ ವಿಷಯದಲ್ಲಿ ಹಾಲ್ ಮಾಡಿದ ಅನಾಹುತ ಎರಡೂ ಕಡೆಯವರನ್ನು ಕಾಡುತ್ತದೆ. ಗುಡ್ಡದ, ಪ್ರಾಕಾರದ ಎಷ್ಟೋ ಪದರ ಕಸದ ಬುಟ್ಟಿ ಸೇರಿದೆ.

ರಾಜ್ಯ ಮೊದಲು ಹುಟ್ಟಿದ್ದು ಎಲ್ಲಿ ಅನ್ನುವುದೂ ಇಂಥದ್ದೇ. ಲಿಂಪೊಪೊ ನದಿ ಬಳಿಯ ಮಪುಂಗುಬ್ವೆ, ಚಿನ್ನದ ಖಡ್ಗಮೃಗ ಸಿಕ್ಕ ಜಾಗ, ಅದೇ ತವರು ಅನ್ನುವುದು ಹಳೆಯ ಮಾತು. 2014ರಲ್ಲಿ ಜಿಂಬಾಬ್ವೆಯಲ್ಲೇ ಇರುವ ಮಪೆಲಾ ಗುಡ್ಡದ ಅಗೆತದ ವರದಿ ಬಂತು. ಅದೇ ಬಗೆಯ ಕಲ್ಲಿನ ಕಟ್ಟಡ, ಅದೂ ಮಪುಂಗುಬ್ವೆಗಿಂತ ಮೊದಲು! ತವರು ಒಂದೇ ಇರಬೇಕು ಅನ್ನುವ ಊಹೆಯೇ ಈಗ ಅಲುಗಾಡುತ್ತಿದೆ. ಊರು ಏಕೆ ಬರಿದಾಯಿತು ಅನ್ನುವುದಕ್ಕೆ ಬರಗಾಲ, ಸೌದೆ ಮುಗಿದದ್ದು, ಚಿನ್ನದ ದಾರಿ ಬದಲಾದದ್ದು ಎಲ್ಲವೂ ಸಾಲಿನಲ್ಲಿ ನಿಂತಿವೆ. ನೀರಿಲ್ಲದೆ ಬಿಟ್ಟರು ಅನ್ನುವವರಿಗೆ ಉತ್ತರವಾಗಿ, ಮಣ್ಣು ತೆಗೆದ ದೊಡ್ಡ ಗುಂಡಿಗಳೇ ಕೆರೆಗಳಾಗಿ ಕೆಲಸ ಮಾಡಿದ್ದವು ಅನ್ನುವ ಅಧ್ಯಯನವೂ ಬಂದಿದೆ.

ಗಮನಿಸಿದಿರಾ, ಈಗ ಮುಂದೆ ನಿಂತು ವಾದ ಮಾಡುತ್ತಿರುವವರಲ್ಲಿ ಜಿಂಬಾಬ್ವೆಯ ಮಕ್ಕಳೇ ಇದ್ದಾರೆ.

ಹೆಜ್ಜೆ 10: ಬಾಯಿಮಾತು, ಭಾಷೆ, ಡಿಎನ್‌ಎ: ಮೂವರು ಸಾಕ್ಷಿಗಳು

ಬರವಣಿಗೆ ಇಲ್ಲದ ಕಡೆ ಇತಿಹಾಸವೇ ಇಲ್ಲ ಅನ್ನುತ್ತಿದ್ದ ಕಾಲ ಇತ್ತು. 1961ರಲ್ಲಿ ಇತಿಹಾಸಕಾರ ಯಾನ್ ವಾನ್ಸಿನಾ ಬಾಯಿಮಾತಿನ ಪರಂಪರೆಯನ್ನೂ ದಾಖಲೆಯ ಹಾಗೆ ಶಿಸ್ತಿನಿಂದ ಪರೀಕ್ಷಿಸುವ ಕ್ರಮ ಕಟ್ಟಿಕೊಟ್ಟರು. ಹೇಳಿದವರು ಯಾರು, ಯಾರಿಂದ ಕೇಳಿದ್ದು, ಹೇಳಿದರೆ ಅವರಿಗೇನು ಲಾಭ? ನಮ್ಮೂರ ಮನೆತನದ ಕಥೆಗೂ ಇದೇ ಪ್ರಶ್ನೆ ಹಾಕಿ ನೋಡಿ, ಮಜಾ ಇರುತ್ತದೆ.

ಭಾಷೆಯ ಸಾಕ್ಷ್ಯ ಬಲವಾದದ್ದು, ಹಾಗೇ ಅಪಾಯದ್ದು. ಶೋನಾದಲ್ಲಿ ಮನುಷ್ಯನಿಗೆ ಮುನ್ಹು, ಬಹುವಚನ ವನ್ಹು. ಸ್ವಾಹಿಲಿಯಲ್ಲಿ ಮ್ತು, ವತು. ಜುಲುದಲ್ಲಿ ಉಮುಂತು, ಅಬಂತು. ನಾವು ‘ಗಳು’ ಹಿಂದೆ ಹಚ್ಚುತ್ತೇವೆ, ಅವರು ಮುಂದೆ ಬದಲಾಯಿಸುತ್ತಾರೆ. ಇಂಥ ನೂರಾರು ಭಾಷೆಗಳ ಕುಟುಂಬಕ್ಕೆ ‘ಬಂಟು’ ಅನ್ನುವ ಹೆಸರು ಬಂದದ್ದು ಈ ಪದದಿಂದಲೇ. ಇದಕ್ಕೂ ನಮ್ಮ ಕರಾವಳಿಯ ಬಂಟರಿಗೂ ಸಂಬಂಧ ಇಲ್ಲ. ಸದ್ದು ಒಂದೇ ಆದರೆ ನೆಂಟಸ್ತನ ಆಗುವುದಿಲ್ಲ. ನಿಯಮ ಒಂದೇ ಆಗಬೇಕು, ಅದೂ ಪದ ಪದಕ್ಕೂ.

ಈ ಭಾಷೆಗಳ ತವರಿನ ಬಗ್ಗೆಯೂ ಜೋರು ವಾದ ನಡೆಯಿತು. ಭಾಷಾವಿಜ್ಞಾನಿ ಮಾಲ್ಕಮ್ ಗತ್ರಿ ಅದನ್ನು ಕಾಂಗೋದ ಕಟಾಂಗಾ ಕಡೆ ಇಟ್ಟರು. ಇನ್ನೊಬ್ಬ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ ನೈಜೀರಿಯಾ, ಕ್ಯಾಮರೂನ್ ಗಡಿ ಅಂದರು. ಈಗ ಗ್ರೀನ್‌ಬರ್ಗ್ ಮಾತೇ ನಿಂತಿದೆ: ಎಡಗಡೆ ಕಾಲಂಗೆ ಹಾಕಿ. ಮಳೆಕಾಡನ್ನು ದಾಟಿದ್ದು ಹೇಗೆ, ಜನ ಎಷ್ಟು ಹೋದರು, ಬರೀ ಭಾಷೆ ಎಷ್ಟು ಹರಡಿತು ಅನ್ನುವುದು ಬಲಗಡೆ.

ಡಿಎನ್‌ಎ ಸಾಕ್ಷ್ಯಕ್ಕೆ ನಮ್ಮ ಮನೆ ಬಾಗಿಲಲ್ಲೇ ಉದಾಹರಣೆ ಇದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿ ಜನ. 2011ರಲ್ಲಿ ಬಂದ ಅಧ್ಯಯನ ಅವರ ಪೂರ್ವಿಕರಲ್ಲಿ ಬಂಟು ಭಾಷಿಕ ಆಫ್ರಿಕನ್ನರ ಗುರುತು ತೋರಿಸಿತು, ಜೊತೆಗೆ ಭಾರತೀಯರ ಬೆರಕೆಯನ್ನೂ. ಆದರೆ ಡಿಎನ್‌ಎ ಹಡಗಿನ ಹೆಸರು ಹೇಳುವುದಿಲ್ಲ. ಗೋವಾದಿಂದ ಯಾರು ಓಡಿಬಂದರು, ಯಾವ ಮಳೆಗಾಲದಲ್ಲಿ ಕಾಡು ಸೇರಿದರು ಅನ್ನುವುದನ್ನೂ ಹೇಳುವುದಿಲ್ಲ. ಬಿಜಾಪುರದ ಮಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಇಖ್ಲಾಸ್ ಖಾನ್ ಹಬ್ಶಿ, ಅಂದರೆ ಇಥಿಯೋಪಿಯಾ ಕಡೆಯವನು. ಸಿದ್ದಿಗಳದ್ದೂ ಇಖ್ಲಾಸ್ ಖಾನನದ್ದೂ ‘ಆಫ್ರಿಕಾ ಮೂಲ’ ಅಂತ ಒಂದೇ ಡಬ್ಬಿಗೆ ಹಾಕಿದರೆ ಸಾವಿರಾರು ಕಿಲೋಮೀಟರ್ ದೂರದ ಎರಡು ನಾಡನ್ನು ಒಂದೇ ಮಾಡಿದ ಹಾಗೆ.

ಹೆಜ್ಜೆ 11: ಕನ್ನಡದಲ್ಲಿ ಬರೆಯುವಾಗ ಪದ ನೋಡಿ ಹಾಕಿ

‘ಕಗ್ಗತ್ತಲ ಖಂಡ’ ಬೇಡ. ಅದು ಇಂಗ್ಲಿಷಿನಿಂದ ಬಂದ ಬೈಗುಳ, ನಾವು ಪಠ್ಯದಲ್ಲಿ ಓದಿ ಓದಿ ನಮ್ಮದೇ ಅಂದುಕೊಂಡಿದ್ದೇವೆ. ರಾಜ, ಸೈನ್ಯ, ತೆರಿಗೆ ಇದ್ದವರನ್ನು ‘ಬುಡಕಟ್ಟು’ ಅನ್ನುವ ಮೊದಲು, ಅಷ್ಟೇ ದೊಡ್ಡ ರಾಜ್ಯ ಯೂರೋಪಿನಲ್ಲಿದ್ದರೆ ಏನು ಪದ ಹಾಕುತ್ತಿದ್ದಿರಿ ಅಂತ ಕೇಳಿಕೊಳ್ಳಿ. ‘ನಿಗೂಢ’ ಅನ್ನುವ ಪದವನ್ನು ಶೀರ್ಷಿಕೆಯಿಂದ ತೆಗೆಯಿರಿ, ಕ್ಲಿಕ್ ಕಡಿಮೆಯಾದರೂ ಪರವಾಗಿಲ್ಲ. ‘ಆಫ್ರಿಕಾದವರು’ ಅಂತ ಬರೆದಲ್ಲೆಲ್ಲ ಯಾವ ದೇಶ, ಯಾವ ಜನ, ಯಾವ ಶತಮಾನ ಅಂತ ಸೇರಿಸಿ. ಸೇರಿಸಲು ಗೊತ್ತಾಗದಿದ್ದರೆ ಆ ವಾಕ್ಯ ಬರೆಯುವ ಹೊತ್ತು ಇನ್ನೂ ಬಂದಿಲ್ಲ.

ಒಂದು ಭಾನುವಾರ ಬಿಡುವು ಮಾಡಿಕೊಂಡು ಅಭ್ಯಾಸ ಮಾಡಿ ನೋಡಿ. ಗ್ರೇಟ್ ಜಿಂಬಾಬ್ವೆಯ ಬಗ್ಗೆ ಜಾಸ್ತಿ ಜನ ನೋಡಿದ ಒಂದು ವಿಡಿಯೋ ಹಾಕಿ. ‘ಇದು ಅದರ ಹಾಗಿದೆ’ ಅಂದಾಗೆಲ್ಲ ಒಂದು ಗೀಟು ಎಳೆಯಿರಿ. ‘ಇಂಥ ಪದರದಲ್ಲಿ ಸಿಕ್ಕಿತು’ ಅಂದಾಗೆಲ್ಲ ಒಂದು ಚುಕ್ಕೆ ಇಡಿ. ನಾನು ಹೀಗೆ ಮಾಡಿದ ಮೊದಲ ವಿಡಿಯೋಗೆ ಬಿದ್ದದ್ದು 14 ಗೀಟು. ಚುಕ್ಕೆಯ ಜಾಗ ಖಾಲಿಯೇ ಇತ್ತು.